ಗಡಿಯಾರ ಸರಿ, ಗೋಡೆ ಸೊಟ್ಟ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ

ಗಡಿಯಾರದ ಕಥೆಯನ್ನು ಮೊದಲು ಹೇಳಿದ್ದು ರಿಪೇರಿ ಅಣ್ಣ, ಇವತ್ತು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು. ಇವತ್ತೇ ಬರೆದಿಡಬೇಕು. ನಾಳೆಗೆ ನಾನೇ ಅದಕ್ಕೊಂದು ಬಾಲ ಅಂಟಿಸಿರುತ್ತೇನೆ.

ಹೋಗಿದ್ದು ಗಿಟಾರಿನ ಪಿಕಪ್ ತೋರಿಸಲು. ಮೂರನೇ ಸಲ. ತಂತಿಗಳ ಕೆಳಗೆ ಕೂರುವ ಆ ಅಯಸ್ಕಾಂತದ ಡಬ್ಬಿಯನ್ನು ಇಪ್ಪತ್ತೆರಡು ವರ್ಷದ ಹಿಂದೆ ಕೈಯಾರೆ ಸುತ್ತಿಕೊಟ್ಟವನು ಅವನೇ. ಅವತ್ತಿನಿಂದ ನನ್ನ ಉದ್ದ ಸ್ವರಗಳಲ್ಲಿ ಒಂದು ಸಣ್ಣ ಅಲೆ — ಏಳುತ್ತದೆ, ಇಳಿಯುತ್ತದೆ, ಮಲಗಿದ ಮಗುವಿನ ಹೊಟ್ಟೆಯ ಹಾಗೆ. ಹೋಟೆಲಿನಲ್ಲಿ ನಮ್ಮ ಜಾಝ್ ಕೇಳಲು ಬರುವ ಹತ್ತು ಮಂದಿಯಲ್ಲಿ ಎಂಟು ಮಂದಿ ಬರುವುದು ಅದಕ್ಕೇ. ಇಬ್ಬರು ಊಟಕ್ಕೆ.

ಈಗ ಕೆಲವು ತಿಂಗಳಿಂದ ಆ ಅಲೆ ಮುಕ್ಕಾಗಿದೆ. ಮೂರು ಸಲ ಏಳುತ್ತದೆ, ನಾಲ್ಕನೆಯದು ಇಲ್ಲ. ಮತ್ತೆ ಮೂರು, ಮತ್ತೆ ಇಲ್ಲ. ಹಲ್ಲು ಮುರಿದ ಬಾಚಣಿಗೆ. ತಂತಿ ಬದಲಿಸಿದೆ, ವೈರ್ ಬದಲಿಸಿದೆ, ಆಂಪ್ ಬದಲಿಸಿದೆ. ಏನೂ ಆಗಲಿಲ್ಲ.

ಅಣ್ಣ ಸ್ಕ್ರೂ ಬಾಯಿಂದ ತೆಗೆಯದೆ ಕಥೆ ಶುರುಮಾಡಿದ. ಒಬ್ಬ ಯಜಮಾನ ಲೋಲಕದ ಗಡಿಯಾರ ತಂದನಂತೆ. ಮನೆಯಲ್ಲಿ ನಿಂತುಹೋಗುತ್ತದೆ. ಅಂಗಡಿಯಲ್ಲಿ ನೇತುಹಾಕಿದರೆ ಮೂರು ದಿನ ಓಡಿತು. ಅಣ್ಣ ಕೊಟ್ಟುಕಳಿಸಿದ. ಮತ್ತೆ ತಂದ. ಎಣ್ಣೆ ಬಿಟ್ಟು ಕಳಿಸಿದ. ಮತ್ತೆ ತಂದ, ಈ ಸಲ ಹೆಂಡತಿಯನ್ನೂ ಸಾಕ್ಷಿಗೆ ಕರೆದುಕೊಂಡು. ಕೊನೆಗೆ ಅಣ್ಣನೇ ಅವರ ಮನೆಗೆ ಹೋದ. ಗಡಿಯಾರ ಮುಟ್ಟಲಿಲ್ಲ. ಗೋಡೆ ನೋಡಿದ. ಗೋಡೆ ಹಿಂದಕ್ಕೆ ವಾಲಿತ್ತು. ಲೋಲಕ ಪೆಟ್ಟಿಗೆಯ ಬೆನ್ನಿಗೆ ಉಜ್ಜುತ್ತಿತ್ತು.

“ಆಮೇಲೆ?”

“ಆಮೇಲೇನು? ಗಡಿಯಾರ ಸರಿ, ಗೋಡೆ ಸೊಟ್ಟ ಅಂದೆ. ಮೇಸ್ತ್ರಿ ನಂಬರ್ ಕೊಟ್ಟು ಬಂದೆ.”

ಆಮೇಲೆ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ವೈರನ್ನು ಮೀಟರಿಗೆ ಸಿಕ್ಕಿಸಿ, ದಪ್ಪ ತಂತಿ ಮೀಟಿದ. ಮೀಟರಿನ ಮುಳ್ಳು ಎದ್ದು ನಯವಾಗಿ ಇಳಿಯಿತು. ಅಲೆಯೇ ಇಲ್ಲ! ತನ್ನ ಎದೆಗೆ ಒತ್ತಿಕೊಂಡು ಮೀಟಿದ. ಅಲೆ ಬಂತು, ಒಂದೂ ತಪ್ಪದೆ. ನನ್ನ ಕೈಗೆ ಕೊಟ್ಟ. ಮೂರು, ಗುಂಡಿ. ಮೂರು, ಗುಂಡಿ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡು ಮುಳ್ಳನ್ನೇ ನೋಡುತ್ತ ಕೂತ.

ಸ್ಕ್ರೂ ಬಾಯಿಂದ ತೆಗೆದ.

“ತಮ್ಮಾ, ಇದು ನನ್ನ ಕೈಯಲ್ಲಾಗೋ ರಿಪೇರಿ ಅಲ್ಲ.”

ಇಪ್ಪತ್ತೆರಡು ವರ್ಷದಿಂದ ಪಿಕಪ್ಪಿನ ಗುಣ ಎಂದು ಹೇಳಿಕೊಂಡು ತಿರುಗಿದ್ದು ನನ್ನ ಎದೆಬಡಿತ. ಭಯ ಆಗಬೇಕಿತ್ತು. ಮೊದಲು ಬಂದ ಯೋಚನೆ — ಹಾಗಾದರೆ ಓಡಿ ಬಂದು ನುಡಿಸಿದರೆ ಹೇಗೆ ಕೇಳಿಸುತ್ತದೆ?

ಸಂಜೆ

ಅಂಗಡಿಯ ಸುತ್ತ ಎರಡು ಸಲ ಓಡಿ ಬಂದು ನುಡಿಸಿದೆ. ಅಲೆ ಚುರುಕಾಗಿತ್ತು. ಅಣ್ಣ ಬೈದ.

ಮನೆಗೆ ಬಂದು ಹೆಂಡತಿಗೆ, ಇವಳಿಗೆ, ಏನೂ ಹೇಳಲಿಲ್ಲ. ಹೊಲಿಗೆ ಮಿಷನ್ನಿಗೆ ಹೊಸ ಬೆಲ್ಟ್ ತರಲು ಹೇಳಿದ್ದಳು, ಅಣ್ಣನ ಅಂಗಡಿಯಿಂದಲೇ ತಂದು ಕೊಟ್ಟೆ. ಈ ವರ್ಷದಲ್ಲಿ ಇದು ಮೂರನೆಯದು. ಪೆಡಲ್ ತುಳಿಯುವಾಗ ಜಾರುತ್ತದಂತೆ, ಹೊಲಿಗೆ ತಡೆದು ತಡೆದು ಬೀಳುತ್ತದಂತೆ. ಎಂಥ ಬೆಲ್ಟು ಮಾಡುತ್ತಾರೋ ಈಗಿನವರು ಎಂದು ಗೊಣಗಿದಳು.

ಮಾರ್ಚ್ 6, ಶುಕ್ರವಾರ

ಟಕಟಕನಿಗೆ ಹೇಳಿದೆ. ಹದಿನೆಂಟು ವರ್ಷದಿಂದ ನನ್ನ ಜೊತೆ ಡ್ರಮ್ಸ್ ನುಡಿಸುವವನು. ಎಲ್ಲಿ ಮೇಜು ಕಂಡರೂ ಬೆರಳು ಸುಮ್ಮನಿರುವುದಿಲ್ಲ, ಅದಕ್ಕೇ ಆ ಹೆಸರು. ನನ್ನ ನಾಡಿ ಹಿಡಿದು ಇನ್ನೊಂದು ಕೈಯಲ್ಲಿ ಮೇಜು ಬಡಿದ.

“ಗುರುವೇ, ಇದು ಚೆನ್ನಾಗಿದೆ! ಮೂರು ಪೆಟ್ಟು, ಒಂದು ಖಾಲಿ. ನಾನೇ ಬೇಕು ಅಂತ ನುಡಿಸಿದ್ರೂ ಇಷ್ಟು ಚಂದ ಬರಲ್ಲ.”

ನಕ್ಕೆವು. ಆಮೇಲೆ ಬೆರಳು ನಿಲ್ಲಿಸಿದ. ಅವನ ಬೆರಳು ನಿಂತಿದ್ದನ್ನು ನಾನು ಕಂಡಿದ್ದು ಅವನ ಅಪ್ಪ ತೀರಿಕೊಂಡ ದಿನ ಮಾತ್ರ.

“ಮನೇಲಿ ಅಕ್ಕನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?”

ಮಾರ್ಚ್ 9, ಸೋಮವಾರ

ಇವಳಿಗೆ ಹೇಳಿದ್ದಾಯಿತು. ಇಬ್ಬರೂ ಹೃದಯದ ಡಾಕ್ಟರ ಹತ್ತಿರ ಹೋದೆವು. ನನ್ನ ಮಗಳ ವಯಸ್ಸಿನ ಹೆಂಗಸು, ಮಾತು ಪಟಪಟ. ಎದೆಗೆ ವೈರು ಅಂಟಿಸಿ ಕಾಗದ ಓಡಿಸಿದರು. ಕಾಗದದ ಮೇಲೆ ಮೂರು ಗುಡ್ಡ, ಒಂದು ಬಯಲು. ಪಿಕಪ್ ಹೇಳಿದ್ದೇ.

“ತಲೆ ತಿರುಗಿದ್ದುಂಟಾ?”

“ಇಲ್ಲ” ಎಂದೆ.

“ಉಂಟು” ಎಂದಳು ಇವಳು. “ಹೋದ ತಿಂಗಳು ಎರಡು ಸಲ. ಗೋಡೆ ಹಿಡ್ಕೊಂಡು ನಿಂತು, ಗೋಡೆ ಗಟ್ಟಿ ಇದೆಯಾ ನೋಡ್ತಿದ್ದೆ ಅಂದ್ರು.”

ಒಂದರ ಬದಲು ನಾಲ್ಕಾರು ಪೆಟ್ಟು ಒಟ್ಟಿಗೇ ತಪ್ಪಬಹುದಂತೆ. ಆಗ ಬೀಳುತ್ತೇನೆ. ಏಳದೆಯೂ ಇರಬಹುದು. ಆಪರೇಷನ್ ಮಾಡಿ ಪೇಸ್‌ಮೇಕರ್ ಇಡಬೇಕು. ಎಡಗಡೆ, ಕೊರಳೆಲುಬಿನ ಕೆಳಗೆ, ಚರ್ಮದಡಿ ಸಣ್ಣ ಜೇಬು ಮಾಡಿ.

ಜೇಬು ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಇವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಮೂವತ್ತು ವರ್ಷದಿಂದ ಊರಿನವರಿಗೆಲ್ಲ ಜೇಬು ಹೊಲಿದವಳು.

“ಎಷ್ಟು ಆಳ ಡಾಕ್ಟ್ರೇ? ಬಾಯಿ ಮೇಲಕ್ಕೋ ಪಕ್ಕಕ್ಕೋ? ಒಳಗೆ ವಸ್ತು ಓಡಾಡದ ಹಾಗೆ ಟಾಕಾ ಹಾಕ್ತೀರಾ?”

ಡಾಕ್ಟರು ಪೆನ್ನು ಕೆಳಗಿಟ್ಟು ಕಾಗದದ ಮೇಲೆ ಚಿತ್ರ ಬಿಡಿಸಿಯೇ ತೋರಿಸಿದರು. ಇಬ್ಬರೂ ಅದರ ಮೇಲೆ ಬಗ್ಗಿ ಕೂತರು. ನಾನು ಬಟ್ಟೆ ತುಂಡಿನ ಹಾಗೆ ಪಕ್ಕದಲ್ಲಿದ್ದೆ.

ನಂತರ ನನ್ನ ಸರದಿ. ಪಿಕಪ್ಪಿನಲ್ಲಿ ಅಯಸ್ಕಾಂತ ಇದೆ, ಆಗುತ್ತದೆಯೇ? ಆರು ಇಂಚು ದೂರ ಇಡಿ, ಎಂದರು. ಇವಳು ಚೀಲದಿಂದ ಟೇಪ್ ತೆಗೆದಳು. ಅಲ್ಲೇ, ಇಲ್ಲದ ಗಿಟಾರನ್ನು ಹಿಡಿದು ಕೂತೆ, ಅಳೆದಳು. ಹನ್ನೊಂದು ಇಂಚು. ಬಗ್ಗಿದರೆ ಒಂಬತ್ತು.

“ನನ್ನ ಕೊರಳಲ್ಲೂ ಸೂಜಿ ಆಯೋ ಅಯಸ್ಕಾಂತ ಇರತ್ತೆ ಡಾಕ್ಟ್ರೇ. ನನ್ನನ್ನೂ ಆರು ಇಂಚು ದೂರ ಇಡ್ಬೇಕಾ ಇವ್ರು?”

“ಅದನ್ನ ತೆಗೆದಿಟ್ಟು ಹತ್ತಿರ ಹೋಗಿ” ಎಂದರು ಡಾಕ್ಟರು. ನರ್ಸು ಆ ಕಡೆ ತಿರುಗಿ ನಕ್ಕಳು.

ಕೇಳಬೇಕಾದ್ದನ್ನು ಕೊನೆಗೆ ಕೇಳಿದೆ. ಯಂತ್ರ ಇಟ್ಟ ಮೇಲೆ ಬಡಿಯುವುದು ನಾನೋ, ಅದೋ?

“ನಿಮ್ಮದು ಬಂದ್ರೆ ಅದು ಸುಮ್ನೆ ಕೇಳ್ತಾ ಕೂರತ್ತೆ ಸರ್. ನಿಮ್ಮದು ತಪ್ಪಿದ್ರೆ ಮಾತ್ರ ಒಂದು ಬಾರಿಸತ್ತೆ.”

ಬೇಗ, ನಾಳೆಯೇ ಎಂದರು. ನಾನು ಶನಿವಾರದ ಕಾರ್ಯಕ್ರಮ ಮುಗಿಯಲಿ ಎಂದೆ. ತಡಮಾಡುವುದು ಒಳ್ಳೆಯದಲ್ಲ ಎಂದು ಎರಡು ಸಲ ಹೇಳಿದರು. ಇವಳು ಟೇಪ್ ಸುತ್ತಿಟ್ಟಳು.

ಮಾರ್ಚ್ 10

ಟಕಟಕನಿಗೆ ಡಾಕ್ಟರ ಮಾತು ಹೇಳಿದೆ. “ತಪ್ಪಿದಾಗ ಮಾತ್ರ ಬಾರಿಸೋದಾ? ಹದಿನೆಂಟು ವರ್ಷದಿಂದ ನಾನು ಅದೇ ಮಾಡ್ತಿರೋದು. ನನಗ್ಯಾರೂ ಬ್ಯಾಟರಿ ಹಾಕ್ಲಿಲ್ಲ.”

ನನ್ನ ಹಟ ಯಾಕೆಂದು ಇಲ್ಲಿ ಮಾತ್ರ ಬರೆಯುತ್ತೇನೆ. ಈ ಟೋನ್ ಬಿಟ್ಟರೆ ನನ್ನಲ್ಲಿ ವಿಶೇಷ ಏನಿಲ್ಲ. ಬೆರಳು ನನಗಿಂತ ಚುರುಕಾಗಿ ಓಡುವವರು ಬೇಕಾದಷ್ಟಿದ್ದಾರೆ. ಅಲೆ ಮಾತ್ರ ನನ್ನದು. ಯಂತ್ರ ಬಂದು ಅದನ್ನು ಇಸ್ತ್ರಿ ಹಾಕಿದ ಹಾಗೆ ಮಾಡಿಬಿಟ್ಟರೆ? ಹೋಗುವ ಮೊದಲು ಒಂದು ಸಲ, ಮುಕ್ಕಾದರೂ ಸರಿ, ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು.

ಇವಳು ಮಧ್ಯಾಹ್ನ ಹೇಳಿದಳು, ಬಟ್ಟೆ ಕತ್ತರಿಸುತ್ತ, ತಲೆ ಎತ್ತದೆ — “ಸ್ವರ ಬೇಕೋ ಮನುಷ್ಯ ಬೇಕೋ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ.”

ಕತ್ತರಿ ಮುಂದೆ ಹೋಯಿತು.

ಮಾರ್ಚ್ 14, ಶನಿವಾರ. 4 ಗಂಟೆ

ಹೊಸ ತಂತಿ ಹಾಕಿದೆ. ರೆಕಾರ್ಡರ್ ಚಾರ್ಜ್ ಆಗಿದೆ. ಅಣ್ಣ ಬರುತ್ತಾನಂತೆ. ಇವಳು ಬರುವುದಿಲ್ಲ ಎಂದಳು. ಆಮೇಲೆ ನೋಡಿದರೆ ಹೊರಡುವ ಸೀರೆ ತೆಗೆದಿಟ್ಟಿದ್ದಾಳೆ. ಮೊದಲು ನಿಧಾನದ್ದು. ದಪ್ಪ ತಂತಿ, ಉದ್ದ ಸ್ವರ —

ಮಾರ್ಚ್ 17, ಮಂಗಳವಾರ. ಆಸ್ಪತ್ರೆ

ಅಕ್ಷರ ವಾಲುತ್ತಿದೆ. ಮಲಗಿ ಬರೆಯುತ್ತಿದ್ದೇನೆ.

ನನಗೆ ನೆನಪಿರುವುದು ಎರಡನೇ ಹಾಡಿನವರೆಗೆ. ಉಳಿದದ್ದು ಟಕಟಕ ಹೇಳಿದ್ದು. “ಮೂರು ಬಂತು. ಗುಂಡಿ ಬಂತು. ಇನ್ನು ಬರತ್ತೆ ಅಂತ ಕಾದೆ. ಬರ್ಲಿಲ್ಲ. ನೀವು ಮೆಲ್ಲಗೆ ಪಕ್ಕಕ್ಕೆ ವಾಲಿದ್ರಿ, ಗಿಟಾರ್ ಮಾತ್ರ ಬಿಡ್ಲಿಲ್ಲ. ಅಕ್ಕ ಓಡಿ ಬಂದು ಹಿಡ್ಕೊಂಡ್ರು. ನಾನು ಒಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನ್ ಮಾಡ್ತಿದ್ದೆ, ಇನ್ನೊಂದು ಕೈಯಲ್ಲಿ ಡ್ರಮ್ ಸವರೋ ಬ್ರಷ್ಷು, ಬಾರಿಸ್ತಾನೇ ಇದ್ದೆ.”

“ಬ್ರಷ್ಷು ಯಾಕೋ?”

“ನಿಲ್ಸಿದ್ರೆ ನೀವೂ ನಿಂತುಬಿಡ್ತೀರೇನೋ ಅನ್ನಿಸ್ತು ಗುರುವೇ. ದಡ್ಡತನ. ಆದ್ರೂ ನಿಲ್ಸೋಕೆ ಧೈರ್ಯ ಬರ್ಲಿಲ್ಲ.”

ರೆಕಾರ್ಡರಿನಲ್ಲಿ ಇದೆಲ್ಲ ಇದೆಯಂತೆ. ಇವಳ ಚೀಲದಲ್ಲಿದೆ. ನಾನು ಕೇಳಲಿಲ್ಲ, ಇವಳು ಕೊಡಲೂ ಇಲ್ಲ.

ನಾಳೆ ಬೆಳಿಗ್ಗೆ ಆಪರೇಷನ್. ಸಹಿ ಹಾಕಿದೆ. ಎಡಕ್ಕೋ ಬಲಕ್ಕೋ ಎಂದು ಡಾಕ್ಟರು ಇನ್ನೊಮ್ಮೆ ಕೇಳಿದರು — ಎಡಗಡೆಯಾದರೆ ಗಿಟಾರಿನ ಪಟ್ಟಿ ಸರಿಯಾಗಿ ಅದರ ಮೇಲೇ ಉಜ್ಜುತ್ತದೆ. ಬಲಗಡೆಯಾದರೆ ಮೀಟುವ ಕೈ. ನಾನು ಬಾಯಿ ಬಿಡುವ ಮೊದಲೇ ಇವಳು, “ಎಡಕ್ಕೇ ಇಡಿ. ಪಟ್ಟಿ ಹೊಲಿಯೋದು ನನ್ನ ಕೆಲಸ” ಎಂದಳು.

ಮಾರ್ಚ್ 18. ಬೆಳಿಗ್ಗೆ 7

ಎದೆ ಬೋಳಿಸಿದರು. ಪೂರ್ತಿ ನಿದ್ದೆ ಬರಿಸುವುದಿಲ್ಲವಂತೆ, ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ. ಒಳ್ಳೆಯದು, ಕೇಳಿಸಿಕೊಳ್ಳಬಹುದು. ಇವಳ ಕೊರಳಲ್ಲಿ ಅಯಸ್ಕಾಂತ ಇಲ್ಲ. ತೆಗೆದಿಟ್ಟು ಬಂದಿದ್ದಾಳೆ. ಹತ್ತಿರ

ಮಾರ್ಚ್ 20

ಮನೆ. ಜೇಬು ಇದೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಇವಳು ಭೂತಕನ್ನಡಿ ಹಿಡಿದು ಟಾಕಾ ನೋಡಿದಳು. “ಪರವಾಗಿಲ್ಲ” ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಬಹುಮಾನ.

ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಆರು ವಾರ ಗಿಟಾರ್ ಇಲ್ಲ.

ಏಪ್ರಿಲ್ 11

ಗಿಟಾರ್ ಗೋಡೆಗೆ ಒರಗಿದೆ. ನಾನೂ. ಇವಳು ಹೊಸ ಪಟ್ಟಿ ಹೊಲಿದಿದ್ದಾಳೆ: ಭುಜಕ್ಕೆ ಬರುವುದೇ ಇಲ್ಲ, ಸೊಂಟ ಸುತ್ತಿ ಬರುತ್ತದೆ. ಗಿಟಾರ್ ಕೊಡದೆ ಪಟ್ಟಿ ಮಾತ್ರ ತೊಡಿಸಿ ಅಳತೆ ನೋಡಿದಳು. ಟಕಟಕ ನೋಡಿ, “ಕೋರ್ಟಿನ ದಫೇದಾರನ ಥರ ಕಾಣ್ತೀರಿ” ಎಂದ.

ಮೇ 3, ಭಾನುವಾರ. ಮಧ್ಯಾಹ್ನ

ಡಾಕ್ಟರು ಒಪ್ಪಿದರು. ಬೆಳಿಗ್ಗೆ ಮೂವರೂ ಸೇರಿದರು. ಅಣ್ಣ ಮೀಟರು ತಂದಿದ್ದ. ಟಕಟಕ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತ, ಬೆರಳು ತಡೆಯಲಾಗದೆ. ಇವಳು ಒಳಗೆ ಮಿಷನ್ನಿನ ಮುಂದೆಯೇ ಇದ್ದಳು, ಬಾಗಿಲು ತೆರೆದಿತ್ತು. ಒಂದು ಅಂಗಿಯ ತೋಳು ಅರ್ಧ ಹೊಲಿದಾಗಿತ್ತು, ಮುಗಿಸಿಬಿಡುತ್ತೇನೆ ಎಂದಳು.

ದಪ್ಪ ತಂತಿ ಮೀಟಿದೆ.

ಒಂದು. ಎರಡು. ಮೂರು. ನಾಲ್ಕು ಬಂತು.

ಬಂತು — ಆದರೆ ಸಪೂರ. ಅಲೆಯೇ ಹೌದು, ಎತ್ತರ ಸ್ವಲ್ಪ ಕಮ್ಮಿ, ಅಂಚು ಸ್ವಲ್ಪ ಚೂಪು. ಮತ್ತೆ ಮೂರು, ಮತ್ತೆ ಅದು. ಅಣ್ಣ ಮುಳ್ಳಿನ ಮೇಲೆ ಬೆರಳಿಟ್ಟು ತೋರಿಸಿದ.

“ನಾಲ್ಕನೆಯದನ್ನ ಬೇರೆ ಯಾರೋ ನುಡಿಸ್ತಿದ್ದಾರೆ” ಎಂದ ಟಕಟಕ. “ಹೊಸಬ. ಪರವಾಗಿಲ್ಲ, ಸಮಯಕ್ಕೆ ಬರ್ತಾನೆ.”

ಇಸ್ತ್ರಿಯಾಗಿಲ್ಲ. ಹಳೆಯದೂ ಅಲ್ಲ. ಈ ಟೋನ್ ನಾನು ಎಲ್ಲೂ ಕೇಳಿಲ್ಲ. ಮತ್ತೆ ಮೀಟಿದೆ, ಮತ್ತೆ, ಹತ್ತು ಸಲ.

ಆಗ ಒಳಗಿಂದ ಇವಳು ಕರೆದಳು. ಎಲ್ಲರೂ ಹೋದೆವು. ಕೈಯಲ್ಲಿ ಎರಡು ತೋಳು: ಒಂದು ಇವತ್ತಿನದು, ಒಂದು ಚಳಿಗಾಲದಲ್ಲಿ ಹೊಲಿದು ಗಿರಾಕಿ ಬಾರದೆ ಉಳಿದದ್ದು. ಹಳೆಯದರಲ್ಲಿ ಹೊಲಿಗೆ ಅಲ್ಲಲ್ಲಿ ತಡೆದಿತ್ತು, ಒಂದರ ಮೇಲೊಂದು ಬಿದ್ದು ಗಂಟಾಗಿತ್ತು. ಇವತ್ತಿನದು ಗೆರೆ ಎಳೆದ ಹಾಗೆ.

“ಬೆಲ್ಟಲ್ಲ ರೀ” ಎಂದಳು. “ನೀವು ನುಡಿಸುವಾಗ ಅಲೆ ತಪ್ಪಿದಲ್ಲೆಲ್ಲ ನನ್ನ ಕಾಲು ನಿಲ್ತಿತ್ತು. ನನಗೇ ಗೊತ್ತಾಗ್ದೆ.”

ಅಣ್ಣ ತಲೆ ಕೆರೆದುಕೊಂಡ. “ಮೂರು ಬೆಲ್ಟು ಕೊಟ್ಟೆನಲ್ಲಮ್ಮ! ನಿಮ್ಮಿಬ್ಬರದೂ ಒಂದೇ ಗೋಡೆ ಅಂತ ಮೊದಲೇ ಹೇಳೋದಲ್ವಾ?”

ಮೇ 4, ಸೋಮವಾರ. ಬೆಳಿಗ್ಗೆ 8

ಕೇಳಿದವರು ಇವತ್ತು ಬೆಳಿಗ್ಗೆ ಮಾಡಿದ್ದು: ಅಣ್ಣ ಅಂಗಡಿ ತೆಗೆದು, ಗೋಡೆಗೆ ರಸಮಟ್ಟ ಹಿಡಿದು ನೋಡಿದನಂತೆ, ಅದೂ ವಾಲಿದೆಯಂತೆ, ಫೋನ್ ಮಾಡಿ ಹೇಳಿದ. ಟಕಟಕ ಆರು ಗಂಟೆಗೇ ಎದ್ದು ನಾಲ್ಕನೇ ಪೆಟ್ಟನ್ನು ಸಣ್ಣದಾಗಿ ಬಾರಿಸುವುದು ಕಲಿಯುತ್ತಿದ್ದಾನೆ. ಅವನ ಹೆಂಡತಿ ಫೋನ್ ಮಾಡಿ ನನ್ನನ್ನು ಬೈದಳು. ಇವಳು ಹೊಸ ಬೆಲ್ಟ್ ಬಿಚ್ಚಿ, ಡಬ್ಬಿ ತಡಕಿ, ಮೂರಕ್ಕೂ ಮೊದಲಿನ ಹಳೇ ಬೆಲ್ಟ್ ಹುಡುಕಿ ಹಾಕಿದ್ದಾಳೆ. ರೆಕಾರ್ಡರನ್ನು ನನ್ನ ಚಹಾದ ಪಕ್ಕ ಇಟ್ಟು ಹೋದಳು. ನಾನದನ್ನು ಮೇಜಿನ ಖಾನೆಗೆ ಹಾಕಿದೆ.

ಈಗ ಪೆಡಲ್ ತುಳಿಯುತ್ತಿದ್ದಾಳೆ. ಗಿಟಾರ್ ತೆಗೆದುಕೊಂಡೆ. ಎಡಗೈ ಇನ್ನೂ ನೋಯುತ್ತದೆ, ಬಲಗೈಯಲ್ಲಿ ಮೀಟಿ ಬರೆಯುತ್ತಿದ್ದೇನೆ. ನನ್ನದು ಮೂರು. ಆಮೇಲೆ ಹೊಸಬನ ಸರದಿ. ಒಂದು, ಎರಡು, ಮೂರು — ಪೆಡಲ್ ನಿಲ್ಲಲಿಲ್ಲ —