ಹಿಡಿಕೆಗಳನ್ನು ತೆಗೆಯಲಿಲ್ಲ, ರೀ

ರೀ,

ಕೊನೆಗೂ ನಿಮ್ಮ ಯಂತ್ರಕ್ಕೆ ಕಂಟ್ರೋಲರ್ ತಂದೆ. ನೀವಿದ್ದಿದ್ದರೆ ಕನ್ನಡಕ ಹಣೆಗೇರಿಸಿ, "ಯಾವುದು? ಯಾವುದು ತಂದೆ?" ಎನ್ನುತ್ತ ಎದ್ದು ಬರುತ್ತಿದ್ದಿರಿ. ಹೇಳುತ್ತೇನೆ, ತಡೆಯಿರಿ. ವರ್ಷಗಟ್ಟಲೆ ನನ್ನನ್ನು ಕಾಯಿಸಿದವರು ನೀವು, ಈಗ ಸ್ವಲ್ಪ ಹೊತ್ತು ಕಾದರೆ ಗಂಟೇನೂ ಹೋಗುವುದಿಲ್ಲ.

ನೀವು ಹೋದ ಮೇಲೆ ಹಿಂದಿನ ಕೋಣೆಗೆ ನಾನು ಕಾಲಿಟ್ಟಿರಲಿಲ್ಲ. ನನ್ನ ಹೊಲಿಗೆ ಯಂತ್ರಕ್ಕೂ ಲೋಹ ಕೊರೆಯುವ ನಿಮ್ಮ ಪುಟ್ಟ ಮಿಲ್ಲಿಂಗ್ ಯಂತ್ರಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಸದ್ದು ನಿಂತ ಮೇಲೆ ಈ ಕಡೆ ನನ್ನ ಯಂತ್ರದ ಸದ್ದು ನನಗೇ ಸಹಿಸಲಾಗದಷ್ಟು ಜೋರಾಯಿತು. ಒಂದು ಬೆಳಿಗ್ಗೆ ಕತ್ತರಿ ಕೆಳಗಿಟ್ಟು ಹೋಗಿ ಬಾಗಿಲು ತೆಗೆದೆ. ಯಂತ್ರದ ಟೇಬಲ್ಲಿನ ಮೇಲೆ ಹಿತ್ತಾಳೆಯ ತಟ್ಟೆ ನೀವು ಬಿಗಿದ ಹಾಗೇ ಇತ್ತು. ನಮ್ಮ ಗಡಿಯಾರದ ಮುಖ. ಒಂದರಿಂದ ಏಳು ಗಂಟೆಯವರೆಗೆ ಒಂದೊಂದು ತೂತು, ಆಮೇಲೆ ಬರೀ ಹಿತ್ತಾಳೆ.

ನಡುಮನೆಯ ಗೋಡೆಗೆ ಮದುವೆಯಾದ ಹೊಸದರಲ್ಲಿ ಮೊಳೆ ಹೊಡೆದವರು ನೀವೇ. "ಅಂಗಡಿ ಗಡಿಯಾರ ಬೇಡ ಕಣೇ, ಒಳಗಿನ ಯಂತ್ರ ಬೇಕಾದ್ರೆ ತರೋಣ, ಮುಖ ಮಾತ್ರ ನಾನೇ ಮಾಡ್ತೀನಿ" ಅಂದಿರಿ. ಕಾರ್ಖಾನೆಯಲ್ಲಿ ಊರಿನವರ ಕೆಲಸ ಮಾಡಿ ಮಾಡಿ, ಮನೆಯ ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಆ ಕೈಯೇ ನಡುಗತೊಡಗಿತು. ಟೇಬಲ್ ಸರಿಸುವ ಎರಡು ಹಿಡಿಕೆಗಳನ್ನು ತಿರುಗಿಸಿ ಅಳತೆಯ ಗೆರೆಗೆ ಗೆರೆ ಕೂಡಿಸುವಷ್ಟರಲ್ಲಿ ನಿಮ್ಮ ಬೆವರಿಳಿಯುತ್ತಿತ್ತು. ಏಳು ಗಂಟೆಯ ತೂತು ಕೂದಲೆಳೆಯಷ್ಟು ಹೊರಗೆ ಬಿತ್ತು. ಅವತ್ತು ಊಟಕ್ಕೆ ಕರೆದರೂ ನೀವು ಏಳಲಿಲ್ಲ.

ಟಿವಿ ರಿಪೇರಿ ಮಾಡುವ ನನ್ನ ತಮ್ಮನೇ ಅಲ್ಲವೇ ಕಂಪ್ಯೂಟರಿನಿಂದ ಯಂತ್ರ ನಡೆಸುವ ಈ ಸಿಎನ್‌ಸಿ ಹುಳುವನ್ನು ನಿಮ್ಮ ತಲೆಗೆ ಬಿಟ್ಟದ್ದು? "ಭಾವ, ಮೋಟರ್ ಹಾಕಿ ಒಂದು ಕಂಟ್ರೋಲರ್ ಕೂರಿಸಿಬಿಡೋಣ. ಅಳತೆ ನೀವು ಹೇಳಿ, ತಿರುಗಿಸೋದು ಅದು ತಿರುಗಿಸುತ್ತೆ." ಶುರುವಾಯಿತು ನೋಡಿ ನಿಮ್ಮ ಮೀನಮೇಷ. ಸ್ವಂತ ಪರದೆ ಇರುವ ದೊಡ್ಡ ಪೆಟ್ಟಿಗೆಯೋ, ಹಳೇ ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ಬೋರ್ಡೋ? ಇದಕ್ಕೆ ಅದು ಸಾಲದು, ಅದಕ್ಕೆ ಇದು ಹೊಂದದು. "ನನ್ನನ್ನ ಒಪ್ಪಿಕೊಳ್ಳೋಕೂ ಇಷ್ಟು ಯೋಚನೆ ಮಾಡಿರಲಿಲ್ಲವಲ್ಲ ನೀವು!" ಎಂದು ರೇಗಿಸಿದರೆ ನಕ್ಕು, "ಇನ್ನೊಂದು ಸ್ವಲ್ಪ ನೋಡೋಣ ಕಣೇ" ಅನ್ನುತ್ತಿದ್ದಿರಿ.

ಕಾರಣ ಗೊತ್ತಾದದ್ದು ಒಂದು ಮಧ್ಯಾಹ್ನ, ಕಾಫಿ ತಂದಾಗ. ಎರಡೂ ಹಿಡಿಕೆಗಳನ್ನು ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದಿರಿ. "ಮೋಟರ್ ಕೂರಿಸಬೇಕಾದ್ರೆ ಇವನ್ನ ಕೀಳಬೇಕಂತೆ. ಇವೂ ಇಲ್ಲದ ಮೇಲೆ ಇಲ್ಲಿ ನನಗೇನು ಕೆಲಸ?" ಅಂದಿರಿ. ಯಾವುದು ಒಳ್ಳೆಯದು ಅನ್ನುವುದು ನಿಮಗೆ ಮೊದಲೇ ಗೊತ್ತಿತ್ತು. ಒಂದನ್ನು ಆರಿಸಿದರೆ ಕೈ ಸೋತಿತು ಅಂತ ಒಪ್ಪಿಕೊಂಡ ಹಾಗೆ, ಅದಕ್ಕೇ ಮುಂದೂಡುತ್ತಿದ್ದಿರಿ. ಆಮೇಲೆ ನಾನು ಆ ಮಾತೆತ್ತಲಿಲ್ಲ.

ಈಗ ಆರಿಸುವ ಸರದಿ ನನ್ನದಾಯಿತು. ದೊಡ್ಡ ಪೆಟ್ಟಿಗೆಯೇ ಆಗಲಿ ಎಂದು ತಮ್ಮ ಪಟ್ಟು ಹಿಡಿದ. ಅದರ ಜೊತೆಗೆ ಬರುವ ಮೋಟರ್ ಒಳ್ಳೆಯದಂತೆ, ಟೇಬಲ್ ಎಳೆಯುವ ಸ್ಕ್ರೂ ಸವೆದು ಸಡಿಲವಾಗಿದ್ದರೆ ಅದನ್ನೂ ಪೆಟ್ಟಿಗೆಯೇ ಲೆಕ್ಕ ಹಿಡಿದು ಸರಿಮಾಡುತ್ತದಂತೆ. ನಾನು ಕೇಳಿದ್ದು ಒಂದೇ, "ಹಿಡಿಕೆ ಉಳಿಯುತ್ತಾ?" ಉಳಿಯುವುದಿಲ್ಲವಂತೆ. ಚಿಕ್ಕ ಬೋರ್ಡಿಗಾದರೆ ಹಿಂದೆಯೂ ದಂಡ ಚಾಚಿರುವ ಮೋಟರ್ ಹಾಕಬಹುದಂತೆ, ಆ ದಂಡಕ್ಕೆ ಹಿಡಿಕೆ ಸಿಕ್ಕಿಸಬಹುದಂತೆ. "ಆದ್ರೆ ಸಡಿಲ ಗಿಡಿಲ ಅದಕ್ಕೆ ಗೊತ್ತಾಗಲ್ಲ ಅಕ್ಕ, ಆಮೇಲೆ ನನ್ನ ತಲೆ ತಿನ್ನಬೇಡ" ಅಂದ. ಚಿಕ್ಕದನ್ನೇ ತಂದೆವು.

ರದ್ದಿ ತಗಡಿನ ಮೇಲೆ ಪರೀಕ್ಷೆ ಮಾಡಿದರೆ ಅರ್ಧ ತೂತುಗಳು ಜಾಗ ತಪ್ಪಿದವು. "ನಾನು ಹೇಳಲಿಲ್ವಾ?" ಎಂದು ತಮ್ಮ ಕೈಚೆಲ್ಲಿ ಕೂತ. ಟೇಬಲ್ ಬಲಕ್ಕೆ ಹೋಗುವಾಗ ಸರಿ, ಎಡಕ್ಕೆ ಬರುವಾಗ ಸ್ಕ್ರೂ ಸ್ವಲ್ಪ ಸುಮ್ಮನೆ ಸುತ್ತಿ ಆಮೇಲೆ ಎಳೆಯುತ್ತಿತ್ತು. ನನಗೆ ನೀವು ಕಣ್ಣೆದುರು ಬಂದಿರಿ. ಎಡಕ್ಕೆ ಬರುವಾಗ ನೀವು ಗೆರೆಯ ಹತ್ತಿರ ಎಂದೂ ನಿಂತವರಲ್ಲ. ದಾಟಿ ಹೋಗಿ, ಒಂದು ಗಳಿಗೆ ನಿಂತು, ಮತ್ತೆ ಬಲಕ್ಕೆ ಮೆಲ್ಲಗೆ ಬಂದು ಗೆರೆ ಹಿಡಿಯುತ್ತಿದ್ದಿರಿ. "ಮನೆ ದಾಟಿ ಹೋಗಿ ವಾಪಸ್ ಬರೋ ಗಂಡಸು" ಎಂದು ನಾನು ನಗಾಡಿದ್ದೆ. "ಒಂದೇ ಕಡೆಯಿಂದ ಬಂದ್ರೆ ತಪ್ಪಾಗಲ್ಲ ಕಣೇ" ಅಂದಿದ್ದಿರಿ. ತಮ್ಮನಿಗೆ ಹೇಳಿದೆ, "ಭಾವ ಮಾಡ್ತಿದ್ದ ಹಾಗೇ ಇದಕ್ಕೂ ಹೇಳಿಕೊಡು." ಅವನು ಕಂಪ್ಯೂಟರಿನಲ್ಲಿ ಪ್ರತಿ ತೂತಿಗೂ ಮುಂಚೆ ಎರಡೂ ಹಿಡಿಕೆಗಳಿಗೆ ದಾಟಿ ಬರುವ ಅಪ್ಪಣೆ ಬರೆದ.

ನಿನ್ನೆ ಹಿತ್ತಾಳೆ ತಟ್ಟೆ ಬಿಗಿದೆವು. ನಿಮ್ಮ ಏಳನೆಯ ತೂತನ್ನು ತುಂಬಿ ಹೊಸದು ಕೊರೆಯೋಣವೇ ಎಂದು ತಮ್ಮ ಕೇಳಿದ. ಮುಟ್ಟಿದರೆ ಜೋಕೆ ಎಂದೆ. ಎಂಟನೆಯದರಿಂದಲೇ ಶುರುಮಾಡಲು ಗುಂಡಿ ಒತ್ತಿದ. ರೀ, ಹಿಡಿಕೆಗಳು ತಾವಾಗೇ ತಿರುಗಿದವು. ಯಾರೂ ಹಿಡಿದಿರಲಿಲ್ಲ. ಟೇಬಲ್ ಗೆರೆ ದಾಟಿ ಹೋಯಿತು, ನಿಂತಿತು, ಮೆಲ್ಲಗೆ ವಾಪಸ್ ಬಂತು. ನಿಮ್ಮದೇ ನಡಿಗೆ. ನಾನು ನಿಮ್ಮ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತೆ. ತಮ್ಮ ಗೋಡೆ ಕಡೆ ತಿರುಗಿ ವೈರು ಸುತ್ತುತ್ತಿದ್ದ, ಸುತ್ತಲು ಅಲ್ಲಿ ವೈರೇ ಇರಲಿಲ್ಲ.

ಹನ್ನೆರಡನೆಯ ತೂತಿನ ಹೊತ್ತಿಗೆ ತಡೆಯಲಾಗದೆ ಹಿಡಿಕೆಯ ಮೇಲೆ ಅಂಗೈ ಇಟ್ಟುಬಿಟ್ಟೆ. "ಅಯ್ಯೋ ಅಕ್ಕ, ಕೈ ತೆಗಿ!" ಎಂದು ಅವನು ಕಿರುಚಿದ. ತೆಗೆಯಲಿಲ್ಲ. ಅದು ನನ್ನ ಕೈಯನ್ನು ಗೆರೆಯಾಚೆ ಕರೆದುಕೊಂಡು ಹೋಗಿ, ಒಂದು ಗಳಿಗೆ ನಿಲ್ಲಿಸಿ, ವಾಪಸ್ ತಂದು ಬಿಟ್ಟಿತು.

ಗಡಿಯಾರ ಈಗ ಮೊಳೆಯ ಮೇಲಿದೆ. ಏಳು ಗಂಟೆ ಸ್ವಲ್ಪ ಹೊರಗಿದೆ, ಇರಲಿ. ದಾಟಿ ಹೋದವರು ನೀವು, ಈ ಸಲ ವಾಪಸ್ ಬರುವುದಿಲ್ಲ ಅಂತ ನನಗೆ ಗೊತ್ತು. ಎಲ್ಲೇ ಇರಿ, ನಿಮ್ಮ ಕೈಗೆ ನೆಮ್ಮದಿಯಿರಲಿ. ನಿನ್ನೆ ಅದು ಒಂಚೂರೂ ನಡುಗಲಿಲ್ಲ, ರೀ.

ಗೋಡೆಯ ಈ ಕಡೆಯಿಂದ,
ನಿಮ್ಮವಳು