ಮುಳ್ಳಿಗೆ ನೋಯದ ಕಾಲು

ಅಪ್ಪಾ,

ನೀನಿದ್ದಾಗ ನಿನಗೆ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಬರೆಯುವ ಪ್ರಸಂಗವಾದರೂ ಎಲ್ಲಿತ್ತು? ಹೊಲದ ಬದುವಿನ ಮೇಲೆ ನಿಂತು ಒಂದು ಕೂಗು ಹಾಕಿದರೆ ಕುರಿಗಳ ಜೊತೆ ನೀನೂ ತಿರುಗಿ ನೋಡುತ್ತಿದ್ದೆ. ಈಗ ಕೂಗಿ ಪ್ರಯೋಜನವಿಲ್ಲ, ಸುಮ್ಮನಿರುವುದಂತೂ ನನ್ನಿಂದ ಆಗುತ್ತಿಲ್ಲ. ಅಣ್ಣ ಇವತ್ತು ನಸುಕಿಗೇ ಎದ್ದು ಮೈಲಾರಕ್ಕೆ ನಡೆದು ಹೊರಟಿದ್ದಾನೆ. ನಿನ್ನಿಂದ ಪೂರ್ತಿಯಾಗದೆ ಉಳಿದ ಹರಕೆ ತೀರಿಸುತ್ತಾನಂತೆ. ನಾನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅದು ಇನ್ನೂ ಬಾಯಿ ಬಿಟ್ಟಿಲ್ಲ.

ನೆನಪಿದೆಯಾ, ಕೊಟ್ಟೂರಿನ ಆಚೆ ಹೊಲದಲ್ಲಿ ಕುರಿ ತರುಬಿ ಬೀಡು ಬಿಟ್ಟಿದ್ದ ಆ ವರ್ಷ? ನೀನು ಕಂಬಳಿ ಹಾಸಿ ಕಾಲು ಚಾಚಿ ಕೂತಿದ್ದೆ. ಬುತ್ತಿ ತಂದ ಅವ್ವ ನಿನ್ನ ಪಾದ ನೋಡಿ ಕಿರುಚಿಬಿಟ್ಟಳು. ಹೆಬ್ಬೆರಳ ಬುಡದಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಪೂರ್ತಿ ಇಳಿದಿತ್ತು. ನೀನು ಎಲೆಅಡಿಕೆ ಜಗಿಯುತ್ತಲೇ ನಕ್ಕೆ. “ಚುಚ್ಚಿದ್ದಾ ಗೊತ್ತಾಗಲಿಲ್ಲ ನೋಡು. ಬರಿಗಾಲಾಗ ಬರ್ತೀನಿ ಅಂತ ಮೈಲಾರಪ್ಪಗ ಮಾತು ಕೊಟ್ಟ ಮ್ಯಾಲೆ ಈ ಕಾಲು ಅವನವು ಆಗ್ಯಾವ. ನನಗ್ಯಾಕ ನೋಯ್ತಾವ?” ಸುದ್ದಿ ಹಬ್ಬಿ ಹೆಂಗಸರು ಬಂದು ನಿನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ನನಗೇನು ಕಡಿಮೆ ಹೆಮ್ಮೆಯಾ? ನಮ್ಮಪ್ಪನಿಗೆ ಮುಳ್ಳು ನಾಟಿದರೂ ನೋಯುವುದಿಲ್ಲ ಎಂದು ಶಾಲೆಯಲ್ಲೆಲ್ಲ ಸಾರಿಕೊಂಡು ಬಂದೆ.

ಆಮೇಲಿನದ್ದು ನಿನ್ನ ಕಾಲಿಗೇ ಗೊತ್ತು. ಗಾಯಕ್ಕೆ ಭಂಡಾರ ಮೆತ್ತಿಕೊಂಡು ನಡೆದೆ. ಅರಿಶಿನದ ಅಡಿಯಲ್ಲಿ ಪಾದ ಕಪ್ಪಾಗುತ್ತಿದ್ದುದು ವಾಸನೆ ಬರುವ ತನಕ ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಎಂದರೆ ಮಂಚದ ಮೇಲೆ ಮಲಗಿಯೂ ತಮಾಷೆ ಮಾಡಿದೆ: “ಹುಟ್ಟಿದಾಗಿಂದ ಬೆಲ್ಲ ತಿಂದಾವ ನಾನು, ನನಗ ಸಕ್ಕರಿ ಎಲ್ಲಿಂದ ಬರ್ತೈತ್ರೀ?” ಬೆರಳು ಹೋಯಿತು, ಪಾದ ಹೋಯಿತು, ಕೊನೆಗೆ...

ನಾನೀಗ ಹರಪನಹಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ, ಮೊದಲ ವರ್ಷ. ಸ್ನಾಯುಗಳ ಪಾಠ ನಡೆಯುವಾಗ ನಗುನಗುತ್ತಾ ಕಲಿತೆ. ಗೋಡೆಯ ಮೇಲಿನ ಚಿತ್ರದಲ್ಲಿ ಮೀನಖಂಡ ನೋಡಿದರೆ ಕುರಿಯ ಹಿಂದೆ ಓಡುವ ನೀನೇ ಕಣ್ಣಮುಂದೆ. ನರಗಳ ಪಾಠದ ದಿನ ಮಾತ್ರ ನಗು ಬರಲಿಲ್ಲ. ಹೊಟ್ಟೆಯೊಳಗಿನ ಒಂದು ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನು ಸುರಿಸುತ್ತದೆ, ಅದರ ಕೆಲಸ ಕೆಟ್ಟರೆ ಸಕ್ಕರೆ ರಕ್ತದಲ್ಲೇ ಉಳಿದು ವರ್ಷಗಟ್ಟಲೆ ನರಗಳನ್ನು ಹಾಳು ಮಾಡುತ್ತದೆ ಎಂದರು ಮೇಡಂ. ಬೆನ್ನಿನಿಂದ ಕಾಲ್ಬೆರಳಿನ ತನಕ ಹೋಗುವ ನರಗಳೇ ಎಲ್ಲಕ್ಕಿಂತ ಉದ್ದ, ಮೊದಲು ಸೋಲುವುದೂ ಅವೇ. “ರೋಗಿಗೆ ನೋವೇ ಗೊತ್ತಾಗಲ್ಲ. ಗಾಯದ ಮೇಲೇ ನಡೀತಾನೆ,” ಎಂದರು. ಪಕ್ಕದವರೆಲ್ಲ ಬರೆದುಕೊಂಡರು. ನನ್ನ ಪೆನ್ನು ಅಲ್ಲೇ ನಿಂತಿತು. ಆ ರೋಗಿಯ ಹೆಸರು ನನಗೆ ಗೊತ್ತಿತ್ತಲ್ಲ! ಸಿಟ್ಟು ಬಂತಪ್ಪಾ. ಯಾರ ಮೇಲೆ ಅಂತ ಕೇಳಬೇಡ. ಕಣ್ಣಿಗೊತ್ತಿಕೊಂಡ ಆ ಹೆಂಗಸರ ಮೇಲಾ, ನಕ್ಕ ನಿನ್ನ ಮೇಲಾ?

ಮೊನ್ನೆ ರಜೆಗೆ ಬಂದಾಗ ಅಣ್ಣ ಇದೇ ಕಟ್ಟೆಯ ಮೇಲೆ ಕೂತು ಅಂಗಾಲಿನಿಂದ ಮುಳ್ಳು ಕೀಳುತ್ತಿದ್ದ. ಹೊರಬಂದದ್ದನ್ನು ಅವ್ವನ ಮುಖದ ಮುಂದೆ ಹಿಡಿದ. “ನೋಡಬೇ, ಇಷ್ಟುದ್ದ ಐತಿ. ಚುಚ್ಚಿದ್ದಾ ಗೊತ್ತಾಗಿಲ್ಲ. ಅಪ್ಪನ ಕಾಲು ನನಗ ಬಂದಾವ.” ಅವ್ವನ ಮುಖ ಅರಳಿತು. ನಾನು ಅವನ ಅಂಗಾಲು ಎಳೆದುಕೊಂಡು ನೋಡಿದೆ.

ಕೂಡ್ಲಿಗಿ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋಗುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ನಾನು ಅಂಜಿದ್ದೇ ಆಯಿತು, ರಕ್ತದಲ್ಲಿ ಸಕ್ಕರೆ ಸಿಕ್ಕಾಪಟ್ಟೆ ಏರಿತ್ತು. ಬರಿಗಾಲಲ್ಲಿ ಹೊರಗೆ ಕಾಲಿಡಲೇಬೇಡ ಎಂದರು ಡಾಕ್ಟರು. ಅಣ್ಣ ತಲೆಯಾಡಿಸಿದ, ಬಸ್ ಸ್ಟ್ಯಾಂಡಿಗೆ ಬಂದದ್ದೇ ಬೇರೆ ರಾಗ. “ಗುಳಿಗಿ ನುಂಗು ಅಂದ್ರ ನುಂಗ್ತೀನಿ. ಮೈಲಾರಕ್ಕ ಚಪ್ಪಲಿ ಹಾಕ್ಕೊಂಡು ಹೋಗು ಅಂದ್ರ ಆಗಂಗಿಲ್ಲ. ಅಪ್ಪನ ಮಾತು ಅರ್ಧಕ್ಕ ನಿಂತೈತಿ.” ನಾನು ಜಗಳವಾಡಲಿಲ್ಲ. ಕೊಟ್ಟೂರಿನಲ್ಲಿ ಇಳಿದು, ಮೆತ್ತನೆ ಅಟ್ಟೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಂಡು ಚೀಲಕ್ಕೆ ಹಾಕಿಕೊಂಡೆ. ಮತ್ತೆ ಬಸ್ಸು ಹತ್ತಿದಾಗ ಅವನು ನೋಡಿಯೂ ನೋಡದವನ ಹಾಗೆ ಕಿಟಕಿಯ ಕಡೆ ತಿರುಗಿದ.

ನಿನ್ನೆ ಮಧ್ಯಾಹ್ನ ಅವನನ್ನು ಒಪ್ಪಿಸಿ ಕೂರಿಸಿ ಕಣ್ಣಿಗೆ ಟವೆಲು ಕಟ್ಟಿದೆ. ನಮಗೆ ಕಾಲೇಜಿನಲ್ಲಿ ಹೀಗೆಯೇ ಕಲಿಸುತ್ತಾರೆ: ನುಣುಪಾದ ಕಡ್ಡಿಯಿಂದ ಮೆಲ್ಲಗೆ ಮುಟ್ಟುವುದು, ಗೊತ್ತಾದರೆ ಹ್ಞೂಂ ಅನ್ನಬೇಕು. ಮೊಣಕಾಲು ಮುಟ್ಟಿದೆ, ಹ್ಞೂಂ ಎಂದ. ಕಣಕಾಲು ಮುಟ್ಟಿದೆ, ತಡೆದು ಹ್ಞೂಂ ಎಂದ. ಹೆಬ್ಬೆರಳು ಮುಟ್ಟಿದೆ. ಅವ್ವ ಅವನ ಬಾಯನ್ನೇ ನೋಡುತ್ತಿದ್ದಳು. ಬೆರಳ ಬುಡ ಮುಟ್ಟಿದೆ, ಒತ್ತಿದೆ. ಇಲ್ಲ. ನಮ್ಮ ಮೌನ ಅವನಿಗೂ ತಟ್ಟಿರಬೇಕು, ತಟಕ್ಕನೆ ಹ್ಞೂಂ ಎಂದ. ಮತ್ತೊಮ್ಮೆ ಹ್ಞೂಂ ಎಂದ. ಕಡ್ಡಿ ನನ್ನ ಮಡಿಲಲ್ಲಿತ್ತಪ್ಪಾ.

“ಎಲ್ಲಿ ಮುಟ್ಟೀನಣ್ಣ ಈಗ?”

“ಹಿಮ್ಮಡಿ.”

“ಮುಟ್ಟೇ ಇಲ್ಲ.”

ಟವೆಲು ಕಿತ್ತೆಸೆದು ಎದ್ದು ನಿಂತ. ಹಿಮ್ಮಡಿಯ ಪರೀಕ್ಷೆ ಅಲ್ಲಿಗೇ ನಿಂತುಹೋಯಿತು. ಅಲ್ಲಿ ಸ್ಪರ್ಶ ಉಳಿದಿದೆಯೋ, ಅದೂ ಹೋಗಿದೆಯೋ ಎಂದು ನಾನು ಒದ್ದಾಡುತ್ತಿದ್ದರೆ ಅವನು ಹಟ್ಟಿಗೆಲ್ಲ ಕೇಳುವಂತೆ ಕೂಗಾಡಿದ. “ನಾಲ್ಕಕ್ಷರ ಕಲ್ತು ದೇವ್ರಿಗಿಂತ ದೊಡ್ಡಾಕಿ ಆದೇನು ನೀನು?”

“ಆಗಿಲ್ಲಣ್ಣ. ಒಂದು ಹೇಳು, ಬರಿಗಾಲಾಗ ನಡದು ಅವಗ ಏನು ಕೊಡ್ತಿ?”

“ಏನು ಕೊಡ್ತೀನಿ? ಕಾಲಿನ ನೋವು ಕೊಡ್ತೀನಿ.”

“ಅದು ನಿನ್ನ ಹತ್ರ ಐತೇನು?”

ಅವನು ಮತ್ತೆ ಕೂತು ತನ್ನ ಪಾದ ನೋಡಿಕೊಂಡ. ನನಗೆ ಗೆದ್ದೆ ಅನಿಸಲಿಲ್ಲ. ಆಗ ಅವ್ವ ಎದ್ದಳು. ನಿನ್ನ ಭಂಡಾರದ ಚೀಲ ತಂದು ಅವನ ಎರಡೂ ಪಾದಕ್ಕೆ ಹಚ್ಚಿದಳು. ಆಮೇಲೆ ನನ್ನ ಚೀಲದಿಂದ ಚಪ್ಪಲಿ ತೆಗೆದು ಮುಂದಿಟ್ಟಳು. “ನಿಮ್ಮಪ್ಪ ತನ್ನ ಕಾಲು ದೇವ್ರವು ಅಂತಿದ್ದ. ದೇವ್ರ ಕಾಲಂತ ತಿಳಕೊಂಡಾದ್ರೂ ಕಾಯ್ಕೊಳ್ಳಪ್ಪ,” ಎಂದಳು. ಇಷ್ಟು ವರ್ಷದಲ್ಲಿ ನಿನ್ನ ಮಾತಿಗೆ ಅವಳು ಎದುರಾಡಿದ್ದು ಇದೇ ಮೊದಲು. ನೀನಿದ್ದಿದ್ದರೆ ಬೈಯುತ್ತಿದ್ದೆಯಾ?

ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟಿಕೊಂಡೇ ಹೊರಟ, ನನ್ನ ಮುಖ ನೋಡಲಿಲ್ಲ. ಬೇವಿನ ಮರದ ತಿರುವಿನಲ್ಲಿ ಒಮ್ಮೆ ಬಗ್ಗಿದ. ಪಟ್ಟಿ ಸರಿಮಾಡಿಕೊಂಡನೋ, ಬಿಚ್ಚಿ ಬಗಲಿಗಿಟ್ಟನೋ? ಕೂತಲ್ಲೆಲ್ಲ ಅಂಗಾಲು ನೋಡಿಕೊಂಡು ಫೋನ್ ಮಾಡು ಎಂದಿದ್ದೆ. ಮಾಡಿಲ್ಲ. ನಾನು ಮಾಡಿದರೆ ಎತ್ತುತ್ತಿಲ್ಲ. ಹೊತ್ತು ಇಳಿಯುತ್ತಿದೆ. ಅವ್ವ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ನಡುವೆ ನಿಂತು ನನ್ನ ಕಡೆ ನೋಡುತ್ತಾಳೆ. ಅಪ್ಪಾ, ನನಗೆ ಹೆದರಿಕೆ ಆಗುತ್ತಿದೆ. ಈ ಮನೆಯಲ್ಲಿ ಇನ್ನೊಂದು ಪಾದ ಕಪ್ಪಾಗುವುದನ್ನು ನಾನು...

ತಾಳು, ಫೋನು.

ಅಣ್ಣನೇ, ದಾರಿಯಲ್ಲಿನ ಇಟ್ಟಿಗಿ ಊರಿನಿಂದ ಮಾಡಿದ್ದ. ಎತ್ತಿದ್ದೇ ತಡ, ಬೈಗುಳ. “ಎಂಥಾ ಚಪ್ಪಲಿ ತಂದೀಲೇ ಮಾಳಿ? ಹಿಂದಿನ ಪಟ್ಟಿ ಹಿಮ್ಮಡಿ ಕಚ್ಚಾಕತ್ತೈತಿ.”

“ನೋಡಿ ಹೇಳಾಕತ್ತೀಯೋ, ನೋವಾಗಿ ಹೇಳಾಕತ್ತೀಯೋ?”

“ಏನು ಕೇಳ್ತೀಲೇ? ಉರಿಯಾಕತ್ತೈತಿ ಅಂತನ ನೋಡೀನಿ. ಎರಡೂ ಕಾಲು.”

“ಇನ್ನೊಮ್ಮೆ ಹೇಳಣ್ಣ.”

“ಉರಿಯಾಕತ್ತೈತಿ! ಯಾಕ, ಅಳ್ತೀಯೇನು?”

ಪಟ್ಟಿ ಸಡಿಲ ಮಾಡಿ ಹತ್ತಿ ಬಟ್ಟೆ ಇಟ್ಟುಕೋ, ಇವತ್ತು ಇನ್ನು ಒಂದು ಹೆಜ್ಜೆಯೂ ಮುಂದೆ ಇಡಬೇಡ, ನಾನು ಬರುತ್ತೇನೆ ಎಂದೆ. ಬ್ಯಾಡ ಅನ್ನಲಿಲ್ಲ. ಬರುವಾಗ ಅವ್ವನ ರೊಟ್ಟಿ ತಾ ಎಂದ. ನಾಳೆಯಿಂದ ಅವನ ಜೊತೆ ನಾನೂ ಇರುತ್ತೇನೆ, ಕೂತಲ್ಲೆಲ್ಲ ಅವನ ಅಂಗಾಲು ತಿರುವಿ ನೋಡುತ್ತೇನೆ. ಬಯ್ದರೆ ಬಯ್ಯಲಿ. ಅವನು ಬದುಕಿರುವ ತನಕ ನೋಡುತ್ತೇನೆ, ಇದು ನಿನಗೆ ನಾನು ಕೊಡುವ ಮಾತು. ಬಸ್ಸಿಗೆ ಹೊತ್ತಾಗುತ್ತಿದೆ, ಅವ್ವನಿಗಿಂತ ಮೊದಲು ನಿನಗೇ ಹೇಳಿ ಏಳುತ್ತೇನೆ.

ಅಪ್ಪಾ, ನಿನ್ನ ಮಗನ ಹಿಮ್ಮಡಿ ನೋಯುತ್ತಿದೆ.

ನಿನ್ನ
ಮಾಳವ್ವ