ಥಾರ್ನ್‌ಬಿ ಬೈಕಿನ ಚಕ್ರಗಳು

ಜನವರಿ 9, 1974. ಬುಧವಾರ

ಮತ್ತೆ ಗೇಟು. ಮತ್ತೆ ಟೀ. ಮಾಲೀಕರು ಕೊವೆಂಟ್ರಿಯ ಕಾರ್ಖಾನೆ ಮುಚ್ಚುತ್ತೇವೆ ಅಂದಾಗಿನಿಂದ ನಾವು ಕೆಲಸಗಾರರೇ ಗೇಟು ಹಿಡಿದು ಕೂತಿದ್ದೇವೆ. ಒಳಗಿರುವ ಒಂದು ಥಾರ್ನ್‌ಬಿ ಬೈಕನ್ನೂ ಹೊರಗೆ ಬಿಟ್ಟಿಲ್ಲ. ಚಕ್ರ ಕಟ್ಟುವವಳು ನಾನು — ಕಡ್ಡಿ ಕೂರಿಸಿ, ತಿರುಗಿಸಿ, ಓರೆ ತೆಗೆಯುವುದು. ಈಗ ಗಂಡಸರಿಗೆ ಬೇಕನ್ ಹುರಿಯುತ್ತೇನೆ.

"ಎಡ್ನಾ, ಸಕ್ರೆ ಹಾಕೋದು ಮರ್ತ್ಯೇನೇ?" ಅಣ್ಣ ವಿಲ್ಫ್. ಯೂನಿಯನ್ ಮುಂದಾಳು.

"ನಿನ್ ಕೈಗೇನು ಲಕ್ವ ಹೊಡೆದಿದ್ಯಾ?"

ಎಲ್ಲರೂ ನಕ್ಕರು. ಸಕ್ಕರೆ ಮಾತ್ರ ನಾನೇ ಹಾಕಿದೆ.

ಜನವರಿ 22

ಪತ್ರಿಕೆಯವನು ಬಂದಿದ್ದ. ವಿಲ್ಫ್ ಎದೆಯುಬ್ಬಿಸಿಕೊಂಡು ಶುರುಮಾಡಿದ. "ಹನ್ನೊಂದನೇ ಇಸ್ವೀಲಿ ಮುದುಕ ಥಾರ್ನ್‌ಬಿ ಸೈಕಲ್ ಶೆಡ್ಡಲ್ಲಿ ಮೊದಲ್ನೇ ಬೈಕು ಮಾಡಿದ್ದು ಸ್ವಾಮಿ. ಎರಡು ಯುದ್ಧಕ್ಕೆ ಹೋಯ್ತು. ಅಮೆರಿಕದವ್ರು ಕ್ಯೂ ನಿಂತು ತಗೊಂಡ್ರು. ಜಪಾನಿನವ್ರು ಬರೋ ತನಕ ನಮ್ಮನ್ನ ಹಿಂದೆ ಹಾಕೋ ಗಂಡೇ ಇರ್ಲಿಲ್ಲ. ನಮ್ಮಪ್ಪ ಇಲ್ಲೇ ದುಡಿದ, ನಾನೂ ಇಲ್ಲೇ."

"ಅಮ್ಮ?" ಅಂದೆ.

ಊರಿನ ಮೇಲೆ ಬಾಂಬು ಬಿದ್ದ ಮೇಲೆ ಟಾರ್ಪಾಲಿನ ಕೆಳಗೆ ಕೂತು ಸೈನ್ಯಕ್ಕೆ ಚಕ್ರ ಕಟ್ಟಿದವಳು.

"ಅದೂ ಇದೆ ಬಿಡು," ಅಂದ ವಿಲ್ಫ್. ಪತ್ರಿಕೆಯವನು ಬರೆದುಕೊಳ್ಳಲಿಲ್ಲ. ಟೀ ಕೇಳಿದ.

ಜುಲೈ 30

ಸರ್ಕಾರ ಸಾಲ ಕೊಡುತ್ತದಂತೆ. ಕಾರ್ಖಾನೆ ಇನ್ನು ಕೆಲಸಗಾರರದ್ದೇ! ವಿಲ್ಫ್ ಪಬ್ಬಿನ ಮೇಜು ಹತ್ತಿ ಕೂಗಿದ: "ಕಸ ಗುಡಿಸೋನಿಗೂ ಇಂಜಿನಿಯರಿಗೂ ಒಂದೇ ಸಂಬಳ!" ಅತ್ತುಬಿಟ್ಟೆ. ಚಕ್ರ ಕಟ್ಟುವ ಬೆಂಚಿಗೆ ಮರಳುತ್ತೇನೆ...

ಮಾರ್ಚ್ 3, 1975. ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಇವತ್ತು ಕೆಲಸಗಾರರ ಸಭೆ. ಚಕ್ರಗಳನ್ನು ಹೊರಗಿನಿಂದ ತರಿಸುತ್ತಾರಂತೆ, ಅಗ್ಗವಂತೆ. ಚಕ್ರದ ಹೆಂಗಸರೆಲ್ಲ ಕ್ಯಾಂಟೀನಿಗೆ.

"ಸಂಬಳ ಅಷ್ಟೇ ಬರುತ್ತಲ್ಲೇ. ಕಳ್ಕೊಂಡಿದ್ದೇನು?" ಅಂದ ವಿಲ್ಫ್.

"ಹಾಗಿದ್ರೆ ನೀನೇ ಹೋಗಿ ಆಲೂಗಡ್ಡೆ ಸುಲಿ."

ನಗು. ಆಮೇಲೆ ಮತ. ಅದರ ಪರವಾಗಿ ಕೈಗಳು ಎದ್ದವು. ನನ್ನ ಪಕ್ಕದ ಬೆಂಚಲ್ಲೇ ಚಕ್ರ ಕಟ್ಟುವ ಹಿಲ್ಡಾಳ ಕೈಯೂ. ಅವಳು ನನ್ನ ಮುಖ ನೋಡಲಿಲ್ಲ.

ಮಾರ್ಚ್ 4

ಕ್ಯಾಂಟೀನಿಗೆ ಹೋಗಲಿಲ್ಲ. ಬೆಂಚಿಗೆ ಹೋದೆ. ಹಳೆಯ ರಿಮ್ಮುಗಳು ಇನ್ನೂ ಇದ್ದವು. ಕಡ್ಡಿ ಪೋಣಿಸುತ್ತ ಕೂತೆ.

ವಿಲ್ಫ್ ಬಂದ. "ಏಳೇ ಎಡ್ನಾ. ಮತ ಆಗಿದೆ. ಜನರ ಮುಂದೆ ನನ್ ಮರ್ಯಾದೆ ತೆಗೀಬೇಡ."

"ಅಷ್ಟು ದಿನ ಚಳೀಲಿ ಕೂತಿದ್ದು ಯಾತಕ್ಕೋ? ಮಾಲೀಕರು ಹೋಗಿ ನೀನು ಬರ್ಲಿ ಅಂತಾನಾ?"

ವಿಲ್ಫ್ ದೀಪ ಆರಿಸಿ ಹೊರಟುಹೋದ. ಸ್ವಂತ ಅಣ್ಣ!

ಚಕ್ರವನ್ನು ಕಿಟಕಿಯ ಬಳಿಗೆ ಎಳೆದುಕೊಂಡೆ. ಮಧ್ಯಾಹ್ನ ಹಿಲ್ಡಾ ಬಂದಳು. ಅಡುಗೆಯ ಏಪ್ರನ್ ಬಿಚ್ಚಿ ಮೂಲೆಗೆಸೆದಳು.

"ಬೈಯೋದಿದ್ರೆ ಆಮೇಲೆ ಬೈಯಿ. ಕಡ್ಡಿ ಕೊಡು."

ಬೈಯಲಿಲ್ಲ. ಕೊಟ್ಟೆ.

ಈಗ ರಾತ್ರಿ, ಯಾರೋ ಮನೆಯ ಬಾಗಿಲು ಬಡಿಯುತ್ತಿದ್ದಾರೆ. ವಿಲ್ಫ್‌ನ ಕೆಮ್ಮು. ಜೊತೆಗೆ ಇನ್ನೂ ಗಂಡಸರ ದನಿ. ತೆರೆಯುತ್ತೇನೆ. ಏನಾದರೂ ಹೇಳಿಕೊಳ್ಳಲಿ — ಬೆಳಗಾದರೆ ನಾನು, ಹಿಲ್ಡಾ, ಇಬ್ಬರೂ ಬೆಂಚಿಗೇ—